ಮಾಸಿದ ಚೂಡಿದಾರದಲ್ಲಿ ತೆಗೆದ ಫೋಟೋ

ನನ್ನ ಮೊಮ್ಮಗಳಿಗೆ ಡಾಕ್ಟರ್ ಓದಲು ಸರ್ಕಾರಿ ಸೀಟು ಸಿಕ್ಕಿದೆ. ಪಲ್ಲಾವರಂ ಸಂತೆಯಲ್ಲಿ ಕೊತ್ತಂಬರಿ ಮಾರುವವಳಿಗೂ ಹೇಳಿ ಬಂದಿದ್ದೇನೆ, ಈಗ ನಿಮಗೂ ಹೇಳುತ್ತಿದ್ದೇನೆ. ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಆ ಸುದ್ದಿ ಬಂದ ದಿನದಿಂದ ಹೆದರಿಕೆಯೂ ಜೊತೆಗೇ ಇದೆ. ನಮ್ಮಂಥವರ ಮನೆಗೆ ಒಳ್ಳೆಯದು ಬಂದರೆ, ಅದನ್ನು ವಾಪಸ್ ಕೇಳುವವರು ಹಿಂದೆಯೇ ಬರುತ್ತಾರೆ.

ಒಂದು ಸಂಜೆ ಕಾಲೇಜಿನಿಂದ ಫೋನ್ ಬಂತು. ನಾಳೆ ಆಫೀಸಿಗೆ ಬರಬೇಕು ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

"ಸೀಟು ಕಿತ್ಕೋತಾರೆ ಕಣೆ," ಎಂದೆ.

"ಪೋದುಂ ಅಜ್ಜಿ, ಸಾಕು. ಸುಮ್ನೆ ಭಯ ಹುಟ್ಟಿಸ್ಬೇಡ."

ಅವಳು ಹೊಸ ಚೂಡಿದಾರಕ್ಕೆ ಇಸ್ತ್ರಿ ಮಾಡಿಟ್ಟಿದ್ದಳು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಮಾಸಿದ ಹಳೆಯದನ್ನು ತೆಗೆದಿಟ್ಟೆ. ನನ್ನಮ್ಮ ಕೀಲ್ಪಾಕಿನ ದೊಡ್ಡವರ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಮ್ಮೆ ಹೊಸ ಸೀರೆ ಉಟ್ಟು ಕೆಲಸಕ್ಕೆ ಹೋದಳು. ಆ ಮನೆಯಾಕೆ ಸೆರಗನ್ನು ಮುಟ್ಟಿ ನೋಡಿ, "ಚೆನ್ನಾಗಿದೆ," ಎಂದಳಂತೆ. ಮರುದಿನ ಆ ಮನೆಯಲ್ಲಿ ಬೇರೆ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ದೊಡ್ಡವರ ಮುಂದೆ ಹಳೆಯದನ್ನೇ ಉಟ್ಟು ನಿಲ್ಲಬೇಕೆಂದು ಅವತ್ತೇ ಕಲಿತೆ.

"ಹೊಸದೆಲ್ಲಿಟ್ಟೆ? ಇದು ಭುಜದ ಹತ್ರ ಹರಿದಿದೆ ಅಜ್ಜಿ, ನಗ್ತಾರೆ."

"ಪಿನ್ ಹಾಕ್ಕೋ. ನಗೋರು ಏನೂ ಕಿತ್ಕೊಳಲ್ಲ."

ಎಗ್ಮೋರ್‌ವರೆಗೂ ರೈಲಿನಲ್ಲಿ ಅವಳು ಭುಜದ ಪಿನ್ನನ್ನು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದಳು. ಆಫೀಸಿನಲ್ಲಿ ಕನ್ನಡಕದವರೊಬ್ಬರು ಅವಳನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿದರು. ಬೆಂಚಿದ್ದರೂ ನಾನು ಕೂರಲಿಲ್ಲ, ಕೈಮುಗಿಯಲು ಸಿದ್ಧವಾಗಿ ನಿಂತೇ ಇದ್ದೆ. ಒಳಗಿಂದ ಸದ್ದೇ ಇಲ್ಲ. ಬಾಗಿಲ ಸಂದಿಯಲ್ಲಿ ಫಳ್ ಎಂದು ಬೆಳಕು ಮಿಂಚಿತು. ಅವಳು ಹೊರಗೆ ಬಂದಳು.

"ಐಡಿ ಕಾರ್ಡಿಗೆ ಫೋಟೋ, ಅಷ್ಟೇ. ಓದು ಮುಗಿಯೋ ತನಕ ಇದೇ ಇರತ್ತಂತೆ. ಈಗ ಸಮಾಧಾನವಾ ನಿಂಗೆ?"

ಈಗ ದಿನಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಆ ಕಾರ್ಡನ್ನು ಕೊರಳಿಗೆ ತೂಗುಹಾಕಿಕೊಂಡು ಹೊರಡುತ್ತಾಳೆ. ನೋಡಲು ಎರಡು ಕಣ್ಣು ಸಾಲದು. ಆದರೆ ಫೋಟೋದಲ್ಲಿ ಭುಜದ ಪಿನ್ ಕಾಣುತ್ತದೆ. ಅದರಲ್ಲಿ ಅವಳ ಕಣ್ಣುಗಳು ಬೈಸಿಕೊಳ್ಳಲು ನಿಂತವರ ಹಾಗಿವೆ. ಆ ಹೆದರಿಕೆಯನ್ನು ಅವಳಿಗೆ ಕೊಟ್ಟವಳು ನಾನೇ.

ಮೊನ್ನೆ ಅವಳೇ ಹೇಳಿದಳು, "ಕೇಳಿದ್ರೆ ಬೇರೆ ಫೋಟೋ ಹಾಕಿ ಕೊಡ್ತಾರಂತೆ ಅಜ್ಜಿ."

"ಬೇಡ," ಎಂದೆ. "ಆ ಆಫೀಸಿಗೆ ಮತ್ತೆ ಹೋಗ್ಬೇಡ. ಏನನ್ನೂ ಕೇಳ್ಬೇಡ."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. "ಸರಿ," ಎಂದು ಫೋಟೋ ಎದೆಯ ಕಡೆಗಿರುವಂತೆ ಕಾರ್ಡನ್ನು ತಿರುಗಿಸಿ ಹಾಕಿಕೊಂಡಳು.