ಮೇಲಿನ ಮನೆಯ ಕಾಫಿ

ನಮ್ಮವರು ವಿದೇಶಾಂಗ ಇಲಾಖೆಯಲ್ಲೇ ತಲೆ ನರೆಸಿಕೊಂಡವರು. ಯಾವ ದೇಶಕ್ಕೆ ಹೋದರೂ ಅವರದು ಒಂದೇ ಹಟ: ಇಬ್ಬರ ನಡುವೆ ಮಾತುಕತೆಗೆ ಕೂತರೆ, ಅದು ಮುಗಿಯುವ ತನಕ ಯಾರ ಮನೆಯಲ್ಲೂ ನೀರಿನ ಹೊರತು ಏನೂ ಮುಟ್ಟುತ್ತಿರಲಿಲ್ಲ. "ನನ್ನ ಹತ್ರ ಇರೋದು ಹೆಸರೊಂದೇ ಕಣೇ, ಅದು ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ?" ಎನ್ನುತ್ತಿದ್ದರು. ಔತಣಗಳಲ್ಲಿ ಅವರ ಪಕ್ಕ ಖಾಲಿ ತಟ್ಟೆ ನೋಡುತ್ತಾ ಕೂತು ನನಗೆ ಸಾಕುಸಾಕಾಗಿತ್ತು.

ನಿವೃತ್ತರಾಗಿ ಮೂಡಿಗೆರೆ ಹತ್ತಿರದ ನಮ್ಮ ಪುಟ್ಟ ತೋಟಕ್ಕೆ ಬಂದ ಮೇಲೂ ಈ ಹಟ ಬಿಡಲಿಲ್ಲ. ಕಳೆದ ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಿತು. ಆಗ ನೀರು ಸಿಗದಿದ್ದರೆ ಕಾಫಿ ಹೂ ಬಿಡುವುದಿಲ್ಲ, ಆ ವರ್ಷದ ಫಸಲು ಹೋಯಿತೆಂದೇ ಲೆಕ್ಕ. ಮೇಲಿನ ಎಸ್ಟೇಟಿನ ಸಾಹುಕಾರರು ಹಳ್ಳಕ್ಕೆ ಒಡ್ಡು ಕಟ್ಟಿ ಸ್ಪ್ರಿಂಕ್ಲರ್ ಹಾಕಿಕೊಂಡರು. ಕೆಳಗಿನ ಸಣ್ಣ ಬೆಳೆಗಾರರಿಗೆ ಬರೀ ಕಲ್ಲು ಉಳಿಯಿತು. ಅವರು ಒಡ್ಡು ಒಡೆಯಲು ಹೊರಟರು, ಸಾಹುಕಾರರು ಕೋವಿ ಕೊಟ್ಟು ಕಾವಲು ನಿಲ್ಲಿಸಿದರು. ಎರಡೂ ಕಡೆಯವರು ತಡೆದುಕೊಂಡಿದ್ದು ನಡುವೆ ಮಾತುಕತೆಗೆ ಕೂತ ನಮ್ಮವರ ಮುಖ ನೋಡಿ ಮಾತ್ರ.

ಒಂದು ದಿನ ಮೇಲಿನವರಿಗೆ, ಒಂದು ದಿನ ಕೆಳಗಿನವರಿಗೆ ನೀರು ಎಂಬಲ್ಲಿಗೆ ಮಾತು ಬಂದು ನಿಂತಿತ್ತು. ಅದನ್ನು ಗಟ್ಟಿಮಾಡಲು ಸಾಹುಕಾರರ ಮನೆಗೆ ಹೊರಟಾಗ ನಾನೂ ಜೊತೆಗಿದ್ದೆ. ಜಗುಲಿಯಲ್ಲಿ ಕೂತಿದ್ದೆವು. ಸಾಹುಕಾರರ ತಾಯಿ ಗೋಡೆ ಹಿಡಿದುಕೊಂಡು ಬಂದರು. ನಡುಗುವ ಕೈಯಲ್ಲಿ ಕಾಫಿ ಲೋಟ.

"ನಾನೇ ಮಾಡಿದ್ದು. ಇನ್ನೆಷ್ಟು ದಿನ ಇರ್ತೀನೋ ಏನೋ, ಬೇಡ ಅನ್ಬೇಡಿ ಮಾರಾಯ್ರೆ."

ನಮ್ಮವರು ನನ್ನ ಮುಖ ನೋಡಿದರು. ಆಮೇಲೆ ಲೋಟ ತೆಗೆದುಕೊಂಡು ಕುಡಿದೇಬಿಟ್ಟರು. ಎದುರಿನ ಕಣದಲ್ಲಿ ಕಾಫಿ ಹರಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವರೆಲ್ಲ ಕೆಳಗಿನ ಊರಿನವರು.

"ಒಂದು ಲೋಟ ಕಾಫಿಗೆ ಯಾರು ಏನಂದ್ಕೊಳ್ತಾರೆ ಬಿಡು" ಎಂದರು ಕಾರಿನಲ್ಲಿ. ಜನ್ಮವಿಡೀ ನನಗೆ ಪಾಠ ಹೇಳಿದವರು ಇವರೇನಾ! ಮೈಯೆಲ್ಲ ಉರಿದುಹೋಯಿತು. ಕಣದ ಹೆಂಗಸರ ಫೋನು ನಮ್ಮ ಕಾರಿಗಿಂತ ಮೊದಲೇ ಕೆಳಗೆ ಮುಟ್ಟಿರಬೇಕು, ಕೆಳಗಿನ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕೈಯೆತ್ತಿ ನಮಸ್ಕಾರ ಹೇಳುವವರು ಅಂದು ಬೇರೆ ಕಡೆ ತಿರುಗಿಕೊಂಡರು.

ಸಂಜೆ ಕೆಳಗಿನ ಬೆಳೆಗಾರರ ಹಿರಿಯರೊಬ್ಬರು ಬಂದರು. ನಮ್ಮಲ್ಲಿಗೆ ಬಂದಾಗಲೆಲ್ಲ ಕಾಫಿ ಕೇಳಿ ಕುಡಿಯುತ್ತಿದ್ದವರು. ಅಂದು ಮೆಟ್ಟಿಲು ಹತ್ತಿದವರು ಒಳಗೆ ಬರಲಿಲ್ಲ. ನಾನು ಲೋಟ ಚಾಚಿದೆ.

"ಬೇಡಮ್ಮ."

"ನೀವು ತಪ್ಪು ತಿಳ್ಕೋಬೇಡಿ" ಎಂದರು ನಮ್ಮವರು. "ವಯಸ್ಸಾದ ಜೀವ, ಕೈಯಾರೆ ತಂದುಕೊಟ್ರು. ನೀರಿನ ಮಾತೇನೂ ಬದಲಾಗಿಲ್ಲ."

"ಇರಬಹುದು ಸಾರ್. ನಮ್ಮನೇಲೂ ನನ್ನ ಹೆಂಡ್ತಿ ಎಷ್ಟು ಬೇಡ್ಕೊಂಡ್ಳು. ನೀವು ನೀರು ಮಾತ್ರ ಕುಡಿದ್ರಿ. ಅದೇ ದೊಡ್ಡ ಮರ್ಯಾದೆ ಅಂದ್ಕೊಂಡಿದ್ವಿ ನಾವು."

ನನಗೆ ಅಳು ಬಂತು. ಗೇಟಿನ ಹೊರಗೆ ಜೀಪೊಂದು ನಿಂತಿತ್ತು. ಅದರ ತುಂಬ ಜನ, ಅವರ ಕಾಲ ಬಳಿ ಹಾರೆ, ಪಿಕಾಸಿ.

"ನಾಳೆ ಬೆಳಿಗ್ಗೆ ನೀವು ಒಡ್ಡಿನ ಹತ್ರ ಬರ್ಬೇಡಿ ಸಾರ್. ನಿಮಗೇನಾದ್ರೂ ಆದ್ರೆ ನಮಗೆ ಬೇಜಾರು."

"ಕಾವಲಿನವನ ಕೈಲಿ ಕೋವಿ ಇದೆ" ಎಂದರು ನಮ್ಮವರು.

"ಗೊತ್ತು ಸಾರ್" ಎಂದು ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.