ಎರಡನೆಯ ಗುಳಿಗೆ

ನಮ್ಮ ಡಾಕ್ಟರಿಗೆ ಎಡಗಿವಿ ಕೇಳುತ್ತಿರಲಿಲ್ಲ. ರೋಗಿ ಮಾತು ಶುರುಮಾಡಿದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಲಗಿವಿಯ ಹಿಂದೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಆಗ ನನ್ನ ದನಿ ನನಗೇ ಕೇಳದಷ್ಟು ಇಳಿದುಹೋಗಿತ್ತು. “ತ್ರಾಸ ಕೊಡಾಕತ್ತೇನಿ ಅಕ್ಕಾರ, ಇನ್ನೊಮ್ಮೆ ಹೇಳ್ರಿ,” ಎನ್ನುತ್ತಿದ್ದರು. ಬ್ಯಾಡಗಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದ ನನ್ನನ್ನು ಊರೆಲ್ಲ ಅಕ್ಕಾರು ಎನ್ನುತ್ತಿತ್ತು. ಅವರೂ ಹಾಗೇ ಕರೆದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲದೆ ನನಗೆ ಬದುಕು ಭಾರವಾಯಿತು. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರೆ ಬರೆಯಬೇಕಾದುದು ನೆನಪಾಗುತ್ತಿರಲಿಲ್ಲ. ಮಗಳಿಗೆ ಜಡೆ ಹಾಕುತ್ತ ಅರ್ಧಕ್ಕೇ ಬಾಚಣಿಗೆ ಇಟ್ಟು ಅಳುತ್ತಿದ್ದೆ. ದೃಷ್ಟಿಯಾಗಿದೆ, ಗಾಳಿ ಸೋಕಿದೆ ಎಂದು ಓಣಿಯವರು ಹೇಳಿದರು. ಅತ್ತೆ ಮಾತ್ರ ಯಾರ ಮಾತಿಗೂ ಕಿವಿಗೊಡದೆ ನನ್ನ ಕೈಹಿಡಿದುಕೊಂಡು, ಮನೋರೋಗದ ಈ ಡಾಕ್ಟರಿದ್ದ ರಾಣೆಬೆನ್ನೂರಿನ ಬಸ್ಸು ಹತ್ತಿದರು.

ಡಾಕ್ಟರು ಮೊದಲ ದಿನವೇ ನೇರವಾಗಿ ಕೇಳಿದರು: “ಜೀವಾನ ಬ್ಯಾಡ ಅನಸ್ತೈತೇನ್ರಿ?”

ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತಿಗೆ ನಾನು ಹೌದೆಂದು ತಲೆಯಾಡಿಸಿದೆ. ಅವರು ಗಾಬರಿಯಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಂದೇ ವಾರದ ಗುಳಿಗೆ ಕೊಟ್ಟು, “ಡಬ್ಬಿ ನಿಮ್ಮ ಹತ್ರ ಇರಲಿ, ಅಕ್ಕಾರನ್ನ ಒಬ್ಬರನ್ನ ಬಿಡಬ್ಯಾಡ್ರಿ,” ಎಂದು ಅತ್ತೆಗೆ ಹೇಳಿದರು.

ನನ್ನ ಯಜಮಾನರು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಕೆಟ್ಟವರಲ್ಲ, ಆದರೆ ಕಣ್ಣಿಗೆ ಕಾಣದ್ದನ್ನು ನಂಬುವವರಲ್ಲ. ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದರು. ದೋಷವೇನೂ ಇಲ್ಲ ಎಂದು ವರದಿ ಬಂತು. “ಮಿದುಳು ಛಲೋ ಐತಿ. ಮತ್ತ ಇದೆಲ್ಲಾ ಏನು?” ಎಂದರು. ನಾಟಕ ಎಂಬ ಮಾತು ಅವರ ಬಾಯಿಗೆ ಬರಲಿಲ್ಲ, ಕಣ್ಣಲ್ಲಿತ್ತು. ರೋಗವೇ ಇಲ್ಲವೆಂದಮೇಲೆ ತಪ್ಪೆಲ್ಲ ನನ್ನದೇ ಎಂದು ನಾನೂ ಕುಗ್ಗಿಹೋದೆ.

ಮುಂದಿನ ಸಲ ಡಾಕ್ಟರು ಯಜಮಾನರನ್ನೂ ಕರೆಸಿದರು. ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು: “ಯಜಮಾನ್ರ, ಕಾಯಿ ಬಣ್ಣ ನೋಡಿ ಖಾರ ಎಷ್ಟಂತ ಹೇಳ್ತೀರೇನು?”

“ಎಲ್ಲಿ ಆಗತೈತ್ರಿ? ನಮ್ಮ ಬ್ಯಾಡಗಿ ಕಾಯಿ ಕೆಂಪಂದ್ರ ಕೆಂಪು, ಖಾರ ಕಮ್ಮಿ.”

“ಹಂಗ ಇದೂನು. ಇದರಾಗ ಮಿದುಳಿನ ಆಕಾರ ಕಾಣತೈತಿ. ಒಳಗ ಅದು ಕೆಲಸ ಹೆಂಗ ಮಾಡಾಕತ್ತೈತಿ ಅನ್ನೂದು ಕಾಣೂದಿಲ್ಲ. ಗಂಟು ಇಲ್ಲಂತ ಗೊತ್ತಾತು, ಛಲೋ ಆತು. ಅಕ್ಕಾರು ಸುಳ್ಳು ಹೇಳಾಕತ್ತಾರ ಅಂತ ಇದರಾಗ ಎಲ್ಲೂ ಬರದಿಲ್ಲ.”

ಅಂದಿನಿಂದ ರಾಣೆಬೆನ್ನೂರಿಗೆ ಯಜಮಾನರೂ ಜೊತೆಗೆ ಬರತೊಡಗಿದರು.

ಆರು ವಾರ ಗುಳಿಗೆ ನುಂಗಿದೆ. ಬಾಯಿ ಒಣಗಿತು, ಮನಸ್ಸು ಮಾತ್ರ ಇದ್ದಲ್ಲೇ ಇತ್ತು. “ನನಗ ಔಷಧಾನೂ ಹತ್ತೂದಿಲ್ರಿ,” ಎಂದು ಡಾಕ್ಟರೆದುರು ಅತ್ತುಬಿಟ್ಟೆ.

ಅವರು ಕಣ್ಣು ತೆರೆದರು. “ಔಷಧ ಸೋತೈತ್ರಿ, ನೀವು ಸೋತಿಲ್ಲ. ಯಾರ ಮಿದುಳಿಗೆ ಯಾವ ಗುಳಿಗಿ ಹತ್ತತೈತಿ ಅಂತ ಮೊದಲ ಹೇಳೂ ವಿದ್ಯಾ ನನಗ ಗೊತ್ತಿಲ್ಲ. ಅಂದಾಜ ಮಾಡಿದ್ದೆ, ತಪ್ಪಿತು. ಇನ್ನೊಂದು ನೋಡೂಣು.”

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಅತ್ತೆಗೂ ಒಂದು ಕೆಲಸ ಹಚ್ಚಿದರು: “ನಗ್ತಾರೇನಂತ ಕಾಯಬ್ಯಾಡ್ರಿ. ಊಟ, ನಿದ್ದಿ, ಇಂಥಾ ಸಣ್ಣ ಸಣ್ಣದು ನೋಡ್ರಿ. ಗುಣ ಆಗಾಕತ್ತಿದ್ದು ಅಕ್ಕಾರಿಗಿಂತ ಮೊದಲ ನಿಮಗ ಗೊತ್ತಾಗತೈತಿ.”

ಎರಡನೆಯ ಗುಳಿಗೆಯ ನಾಲ್ಕನೇ ವಾರ. ಮಧ್ಯಾಹ್ನದ ಊಟಕ್ಕೆ ಕೂತವಳು, “ಅತ್ತಿ, ಸಾರಿಗೆ ಉಪ್ಪು ಕಮ್ಮಿ ಆಗೇತಲ್ರಿ,” ಎಂದೆ. ತಿಂಗಳುಗಟ್ಟಲೆ ಹಾಕಿದ್ದನ್ನು ಮಣ್ಣು ನುಂಗಿದಂತೆ ನುಂಗಿದವಳು ನಾನು. ಅತ್ತೆ ಸೌಟು ಹಿಡಿದ ಹಾಗೇ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಭೇಟಿಯಲ್ಲಿ ಡಾಕ್ಟರು ಕೇಳುವ ಮೊದಲೇ, “ಸೊಸಿ ನನ್ನ ಅಡಗಿಗೆ ಹೆಸರಿಡಾಕತ್ಯಾಳ್ರಿ!” ಎಂದು ಸಂಭ್ರಮದಿಂದ ದೂರು ಕೊಟ್ಟರು. ಡಾಕ್ಟರು ಮೇಜು ತಟ್ಟಿ ನಕ್ಕರು. “ಇನ್ನ ಮ್ಯಾಲ ಜಗಳಾನೂ ಆಗತೈತಿ, ತಯಾರಿರ್ರಿ!”

ಬೇಸಿಗೆ ರಜೆ ಮುಗಿದಾಗ ನಾನು ಶಾಲೆಗೆ ಮರಳಿದೆ. ಯಾರಿಗೆ ಯಾವ ಔಷಧ ಹತ್ತುತ್ತದೆಂದು ಮಿದುಳಿನ ಚಿತ್ರ ನೋಡಿ ಮೊದಲೇ ಹೇಳುವ ಪ್ರಯತ್ನಗಳು ಈಗ ನಡೆದಿವೆ, ಇನ್ನೂ ಪೂರ್ತಿ ಕೈಗೂಡಿಲ್ಲ ಎಂದು ಮಗಳು ಈಚೆಗೆ ಓದಿ ಹೇಳಿದಳು. ಡಾಕ್ಟರು ಇದ್ದಿದ್ದರೆ ಎಷ್ಟೊಂದು ಪ್ರಶ್ನೆ ಕೇಳುತ್ತಿದ್ದರೋ.

ಆ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ನಾನೂ ಅತ್ತೆಯೂ ಹೋದೆವು. ಮನೆಯ ಮುಂದೆ ಹಾವೇರಿ ಕಚೇರಿಗಳ ನೌಕರರು, ಕುಮಾರಪಟ್ಟಣದ ಕಾರ್ಖಾನೆಯವರು, ಹಳ್ಳಿಗಳ ರೈತರು ಸೇರಿದ್ದರು. “ಯಾವೂರ್ರಿ?” ಎಂದು ಕೇಳಿದವರುಂಟು, ಡಾಕ್ಟರ ಪರಿಚಯ ಹೇಗೆ ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಆಗ ಗಳಗನಾಥದಿಂದ ಬಂದಿದ್ದ ರೈತರೊಬ್ಬರು ರುಮಾಲು ತೆಗೆದು ಎದ್ದುನಿಂತರು. “ನನಗ ಮನಸಿನ ಬ್ಯಾನಿ ಇತ್ರಿ. ಇವರು ಉಳಿಸಿದ್ರು.”

ನನಗೆ ಕಾಮಾಲೆಯಾಗಿತ್ತೆಂದೇ ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದ ನಾನು ಎದ್ದೆ. “ನನ್ನನ್ನೂ ಅವರ ಉಳಿಸಿದ್ರು,” ಎಂದೆ. ನನ್ನ ಹಿಂದೆ ಇನ್ನೊಬ್ಬರು ಎದ್ದರು, ಆಮೇಲೆ ಮತ್ತೊಬ್ಬರು.

ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಹೆಂಡತಿ ಒಳಗಿನಿಂದ ಚಾಪೆ ತರಿಸಿದರು.

“ಕುಂದ್ರಿ, ಎಲ್ಲಾರೂ ಕುಂದ್ರಿ. ಹೇಳ್ರಿ, ನಾ ಕೇಳ್ತೇನಿ. ನಿಮ್ಮ ಬಗ್ಗೆ ಮನ್ಯಾಗ ಅವರು ಒಂದು ದಿನಾನೂ ಬಾಯಿ ಬಿಟ್ಟಿಲ್ಲ.”