ದನ ಕರೆಯುವ ಜೋಗುಳ

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ನನ್ನ ತಂಗಿ ಎಂಟನೇ ತಿಂಗಳಿಗೇ ಅವಸರ ಮಾಡಿ ಹುಟ್ಟಿದಳು. ಏಳರ ಕೂಸು ಉಳಿದೀತು, ಎಂಟರದ್ದು ಉಳಿಯುವುದಿಲ್ಲ ಎಂಬ ಮಾತು ಆಗ ಸಿದ್ದಾಪುರದ ಕಡೆ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೆ ಅಜ್ಜಿ ಲೆಕ್ಕವನ್ನೇ ತಿರುಗಿಸಿ, ಇದು ಏಳರ ಕೂಸೇ ಎಂದು ಊರಿಗೆಲ್ಲ ಸಾರಿಬಿಟ್ಟಳು. ಅಜ್ಜಿ ಹೇಳಿದ ಮೇಲೆ ಪಂಚಾಂಗವೂ ಬಾಯಿ ಮುಚ್ಚಿಕೊಳ್ಳಬೇಕು.

ಹಳೇ ಸೀರೆಯಲ್ಲಿ ಸುತ್ತಿಟ್ಟ ಕೂಸು ಸೌತೆಮಿಡಿಯಷ್ಟೇ ಇತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ. ಸೂಲಗಿತ್ತಿ, "ಮೈಗೆ ಬಿಸಿ ಬೇಕು, ಕಿವಿಗೆ ಹೆತ್ತವರ ದನಿ ಬೇಕು. ಹಾಡು ನಿಲ್ಲಿಸ್ಬೇಡಿ" ಎಂದಳು. ಹೆತ್ತ ಆಯಿಗೆ ಜ್ವರ ಬಂದು ಗಂಟಲು ಕಟ್ಟಿತ್ತು. ಉಳಿದವನು ಅಪ್ಪಯ್ಯ.

"ಯಂಗೆ ಒಂದು ಪದವೂ ಬತ್ತಿಲ್ಲೆ" ಎಂದ ಅಪ್ಪಯ್ಯ.

"ಬಪ್ಪದು ಹೇಳು" ಎಂದಳು ಅಜ್ಜಿ.

ಅವನಿಗೆ ಬರುತ್ತಿದ್ದ ರಾಗ ಒಂದೇ, ಬೆಟ್ಟದಲ್ಲಿ ಮೇಯುವ ದನಗಳನ್ನು ಸಂಜೆ ಮನೆಗೆ ಕರೆಯುವುದು. ತೊಟ್ಟಿಲ ಹತ್ತಿರ ಕುಳಿತು, "ಬಾ ಬಾ ಬಾಽಽ ಅಂಬೇಽಽ" ಎಂದು ಶುರುಮಾಡಿದ. ಮೆಲ್ಲಗೆ ಹೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೂಸು ಕಣ್ಣು ಬಿಟ್ಟಿತು, ತುಟಿ ಚೀಪಿತು. ನಡುಮಧ್ಯಾಹ್ನ ದನಗಳೆಲ್ಲ ಮೇವು ಬಿಟ್ಟು ಅಂಗಳಕ್ಕೆ ಬಂದು ನಿಂತವು.

ಮರುದಿನವೂ ಇದೇ ಕಥೆ. ಓಡಿಸಿದರೆ ಹೋಗುತ್ತಿದ್ದವು, ಕೂಸು ಕುಂಯ್ ಎಂದರೆ ಅಪ್ಪಯ್ಯ ಕರೆಯುತ್ತಿದ್ದ, ಅವು ತಿರುಗಿ ಬರುತ್ತಿದ್ದವು. ಅರೆಹೊಟ್ಟೆಯ ದನ ಹಾಲನ್ನಾದರೂ ಎಲ್ಲಿಂದ ಕೊಟ್ಟೀತು? ಚಹಾ ಎಂದರೆ ಜೀವ ಬಿಡುವ ಅಜ್ಜಿ ಬರೀ ಕಷಾಯಕ್ಕೆ ಇಳಿದಳು. ಮುಖ ಹುಳಿ ಮಾಡಿಕೊಂಡೇ, "ದನ ಬಂದ್ರೆ ಬರ್ಲಿ, ಕೂಸು ಹೋಪಲಾಗ" ಎಂದಳು.

ಕೂಸು ಹೋಗಲಿಲ್ಲ. ದುಂಡಗಾಯಿತು, ನಡೆಯಿತು, ನನ್ನ ಕೂದಲು ಕಿತ್ತಿತು. ಆದರೆ ಮೂರು ವರ್ಷ ತುಂಬಿದರೂ ಒಂದು ಮಾತಿಲ್ಲ. ಯಲ್ಲಾಪುರದಿಂದ ಬಂದ ಅತ್ತೆ, "ದನ ಕರೆದು ಬೆಳೆಸಿದ ಕೂಸು ಮತ್ತೆಂತ ಮಾಡ್ತು? ಅಂಬಾ ಹೇಳ್ತು ಅಷ್ಟೇ" ಎಂದು ನಕ್ಕಳು. ಅವಳ ಚಹಾಕ್ಕೆ ಉಪ್ಪು ಹಾಕಬೇಕೆನಿಸಿತು ನನಗೆ. ಅಪ್ಪಯ್ಯ ಮಾತ್ರ ಪೂರಾ ನಂಬಿದ. ತನ್ನ ದನಿಯೇ ಮಗಳ ನಾಲಿಗೆ ಕಟ್ಟಿತೆಂದು ಅಂದಿನಿಂದ ಕರೆಯುವುದನ್ನೇ ಬಿಟ್ಟ. ಸಂಜೆ ತಾನೇ ಬೆಟ್ಟ ಹತ್ತಿ ದನ ಹೊಡೆದುಕೊಂಡು ಬರುತ್ತಿದ್ದ. ತಂಗಿ ಮಲಗಲೊಲ್ಲದೆ ರಂಪ ಮಾಡಿದಳು. ಮನೆಯೇ ಸಪ್ಪೆಯಾಯಿತು. ನನಗಂತೂ ಅಪ್ಪಯ್ಯನ ಮುಖ ನೋಡಿದರೆ ಸಂಕಟವಾಗುತ್ತಿತ್ತು.

ಒಂದು ಮುಸ್ಸಂಜೆ ತಂಗಿ ಅವನ ತೊಡೆ ಹತ್ತಿ, ಎರಡೂ ಕೈಯಲ್ಲಿ ಮೀಸೆ ಹಿಡಿದು ಜಗ್ಗಿ, ಸ್ಪಷ್ಟವಾಗಿ ಹೇಳಿದಳು:

"ಅಪ್ಪಯ್ಯಾ, ದನ ಕರಿ."

ದನಗಳೆಲ್ಲ ಆಗಲೇ ಕೊಟ್ಟಿಗೆಯಲ್ಲಿದ್ದವು. ಆದರೂ ಅಪ್ಪಯ್ಯ ಬಾಯಿ ತೆರೆದ. "ಬಾ" ಎನ್ನುವಷ್ಟರಲ್ಲಿ ಗಳಗಳ ಅಳತೊಡಗಿದ. ಆಯಿಯೂ ಅತ್ತಳು, ನಾನೂ ಅತ್ತೆ. ತಂಗಿ ಮಾತ್ರ ಮೀಸೆ ಬಿಡಲಿಲ್ಲ.

ಅಜ್ಜಿ ಸೆರಗಿನಲ್ಲಿ ಮೂಗೊರೆಸಿಕೊಂಡು ಗದರಿದಳು: "ಅಳಡ ಮಾರಾಯಾ. ಕೂಸು ಕೇಳ್ತಾ ಇದ್ದು, ಸಮಾ ಕರಿ."